ಕಬಡ್ಡಿ ಆಡಿದ ಮಂಡಿ

“ಅಕ್ಕ, ಮಂಡಿ ಪೂರ್ತಿ ವಾಸಿ ಮಾಡಿ ಅಂತ ನಾನು ಕೇಳ್ತಿಲ್ಲ. ಒಂದೇ ಒಂದು ಬೆಳಗ್ಗೆ ಓಡೋ ಹಂಗೆ ಮಾಡ್ಕೊಡಿ, ಸಾಕು.”

ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಆ ಹುಡುಗಿ ಹೇಳಿದ ಮೊದಲ ಮಾತು ಇದು. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸು. ತೆಳ್ಳನೆಯ ಮೈ, ಬಿಸಿಲಿಗೆ ಕಪ್ಪಿಟ್ಟ ಮುಖ, ಫ್ಯಾಕ್ಟರಿಯ ನೀಲಿ ಯೂನಿಫಾರಂ ಮೇಲೊಂದು ಸ್ವೆಟರು. ಕೈಯಲ್ಲಿ ಎಂಆರ್‌ಐ ಕವರು ಹಿಡಿದಿದ್ದಳು. ಕೂರು ಅಂದರೂ ಕೂರಲಿಲ್ಲ. ಕೂತರೆ ಟೈಮು ಹೋಗುತ್ತೆ ಅನ್ನುವ ಹಾಗೆ ನಿಂತೇ ಇದ್ದಳು.

ತುಮಕೂರಿನಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕು ಇರುವುದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮಂಡಿ ನೋವಿನವರು ಮೆಟ್ಟಿಲು ಹತ್ತಿ ಬರಬೇಕಾದ ಕ್ಲಿನಿಕ್ಕು ಅಂತ ಜನ ಆಡಿಕೊಳ್ಳುತ್ತಾರೆ. ಕೆಳಗೆ ಜಾಗ ಸಿಗಲಿಲ್ಲ, ಏನು ಮಾಡಲಿ. ಅಂತರಸನಹಳ್ಳಿಯ ವರ್ಕ್‌ಶಾಪುಗಳಲ್ಲಿ ಭಾರ ಎತ್ತಿ ಬೆನ್ನು ಹಿಡಿದುಕೊಂಡವರು, ಬೈಕಿನಿಂದ ಬಿದ್ದು ಭುಜ ಜಾರಿಸಿಕೊಂಡವರು, ಲಕ್ವ ಹೊಡೆದ ಹಿರಿಯರು, ಇವರೇ ನನ್ನ ನಿತ್ಯದ ಜನ. ನಮ್ಮನ್ನು ‘ಕರೆಂಟ್ ಕೊಡೋ ಡಾಕ್ಟ್ರು’ ಅನ್ನುತ್ತಾರೆ. ಪೊಲೀಸ್ ಕೆಲಸದ ಓಟಕ್ಕೆ ಕಾಲು ಸಿದ್ಧ ಮಾಡಿಕೊಡಿ ಅಂತ ಬಂದವಳು ಇವಳೇ ಮೊದಲು.

ಊರು ಹಾಗಲವಾಡಿ. ಗುಬ್ಬಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ಹೋಗುತ್ತಿದ್ದಳು. ಪ್ಯಾಕಿಂಗ್ ಲೈನು, ಶಿಫ್ಟು ಮುಗಿಯುವವರೆಗೂ ನಿಂತೇ ಕೆಲಸ. ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ದೈಹಿಕ ಪರೀಕ್ಷೆ: ಓಟ, ಜಿಗಿತ, ಗುಂಡೆಸೆತ. ಅದಕ್ಕೆ ಇನ್ನು ಮೂರು ವಾರವೂ ಉಳಿದಿರಲಿಲ್ಲ. ಗುಬ್ಬಿಯ ಒಂದು ಮೈದಾನದಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಕೋಚ್ ಇಂಥ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದರು. ಇವಳೂ ಆ ಗುಂಪಿನಲ್ಲಿದ್ದಳು.

ಮಂಡಿಯ ಕತೆಯನ್ನು ಬಾಯಿಪಾಠದ ಹಾಗೆ ಒಪ್ಪಿಸಿದಳು. ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿ. ರೈಡ್ ಹೋದಾಗ ಎದುರಿನವಳು ಕಾಲು ಹಿಡಿದಳು, ಪಾದ ನೆಲದಲ್ಲೇ ಊರಿಕೊಂಡಿತು, ಮೈ ತಿರುಗಿತು. ಬಲಮಂಡಿಯೊಳಗೆ ಪಟ್ ಅಂತ ಸದ್ದಾಯಿತು. ರಾತ್ರಿಯೊಳಗೆ ಕುಂಬಳಕಾಯಿಯಷ್ಟು ಊದಿಕೊಂಡಿತು. ನಾಟಿ ವೈದ್ಯರು ಮೊಟ್ಟೆ, ಸೊಪ್ಪು ಹಾಕಿ ಪಟ್ಟು ಕಟ್ಟಿದರು. ವಾಸಿಯಾಯಿತು. ಆಮೇಲೆ ವರ್ಷಗಟ್ಟಲೆ ಏನೂ ಇರಲಿಲ್ಲ.

“ಹೋದ ತಿಂಗ್ಳು ಓಡ್ತಾ ಇದ್ದಾಗ ಇದ್ದಕ್ಕಿದ್ದಂಗೆ ಹಿಡ್ಕೊಳ್ತು. ಬಿದ್ದಿಲ್ಲ, ಉಳುಕಿಲ್ಲ. ಸುಮ್ನೆ ಹಿಡ್ಕೊಳ್ತು.”

ಹಳೇ ಪೆಟ್ಟಿನ ಮಂಡಿ ಎಷ್ಟೋ ವರ್ಷದ ಮೇಲೆ ಹೀಗೆ ಏಕಾಏಕಿ ನೋಯುವುದಕ್ಕೆ ಕಾರಣ ಒಂದಲ್ಲ. ಅಂದು ಹರಿದ ಲಿಗಮೆಂಟು ಸರಿಯಾಗಿ ಕೂಡದೆ ಕೀಲು ಸಡಿಲವಾಗೇ ಉಳಿದು, ಮೈಭಾರ ಹೆಚ್ಚಾದಾಗ ಮಂಡಿ ಕೈಕೊಡಬಹುದು. ಎರಡು ಮೂಳೆಗಳ ನಡುವಿನ ಮೆತ್ತೆ ಸವೆದು, ಒಂದು ದಿನ ಅದರ ಅಂಚು ಮಡಚಿ ಸಿಕ್ಕಿಕೊಳ್ಳಬಹುದು. ಮೂಳೆಯ ಚೂರೊಂದು ಕೀಲಿನೊಳಗೆ ಅಲೆಯುತ್ತಿದ್ದು ಬಾಗಿಲಿಗೆ ಸಿಕ್ಕಿದ ಕಲ್ಲಿನ ಹಾಗೆ ಅಡ್ಡ ಬರಬಹುದು. ವಯಸ್ಸಿಗೆ ಮುಂಚೆಯೇ ಸಂಧಿವಾತ ಶುರುವಾಗಬಹುದು. ಸೋಂಕು, ಟಿಬಿ ಕೂಡ ಹಳೇ ಪೆಟ್ಟಿನ ಕೀಲು ಹುಡುಕಿಕೊಂಡು ಹೋಗುವುದುಂಟು. ಇಷ್ಟನ್ನೂ ಮನಸ್ಸಿನಲ್ಲಿ ಒಂದೊಂದೇ ತೆಗೆದು ನೋಡುತ್ತಾ ಅವಳನ್ನು ಮಂಚದ ಮೇಲೆ ಮಲಗಿಸಿದೆ.

ಊತ ಇರಲಿಲ್ಲ. ಕೈಯ ಹಿಂಬದಿ ಇಟ್ಟು ನೋಡಿದರೆ ಬಿಸಿಯೂ ಇರಲಿಲ್ಲ. ಮಂಡಿ ಪೂರ್ತಿ ಮಡಚುತ್ತಿತ್ತು, ಪೂರ್ತಿ ಚಾಚುತ್ತಿತ್ತು, ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಪಾದದ ಮೇಲೆ ಕೂತು ಮೊಣಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದಾಗ ಎಡಗಾಲಿಗಿಂತ ಒಂಚೂರು ಹೆಚ್ಚು ಸರಿಯಿತು. ಹಳೇ ಲಿಗಮೆಂಟು ಸಡಿಲ. ಎಂಆರ್‌ಐ ವರದಿಯೂ ಅದನ್ನೇ ಹೇಳಿತ್ತು: ಲಿಗಮೆಂಟು ಹಿಂದೆಯೇ ಅರ್ಧ ಹರಿದಿದೆ, ಒಳಬದಿಯ ಮೆತ್ತೆಯಲ್ಲಿ ಸವೆತ. ತುಮಕೂರಿನ ಮೂಳೆ ಡಾಕ್ಟರೊಬ್ಬರು ಅದನ್ನು ನೋಡಿ, ಸದ್ಯಕ್ಕೆ ಆಪರೇಷನ್ ಬೇಡ, ಸ್ನಾಯು ಗಟ್ಟಿ ಮಾಡಿಸು ಅಂತ ನನ್ನ ಹತ್ತಿರ ಕಳಿಸಿದ್ದರು. ಹಳೇ ಪೆಟ್ಟು, ಹೊಸ ನೋವು, ಎರಡನ್ನೂ ಜೋಡಿಸುವ ಎಂಆರ್‌ಐ. ಎಲ್ಲವೂ ಸರಿಯಾಗಿ ಕೂತಿತ್ತು.

ಓಟ ಪೂರ್ತಿ ನಿಲ್ಲಿಸಬೇಕು ಅಂದೆ. ಸೈಕಲ್ ತುಳಿ, ಅಷ್ಟು ಸಾಕು. ತೊಡೆಯ ಮುಂಭಾಗಕ್ಕೆ, ಹಿಂಭಾಗಕ್ಕೆ ವ್ಯಾಯಾಮ ಹೇಳಿಕೊಟ್ಟೆ. ಐಸ್ ಇಟ್ಟು, ಕರೆಂಟ್ ಕೊಟ್ಟು, ಮಂಡಿಚಿಪ್ಪಿನ ಸುತ್ತ ಟೇಪ್ ಹಾಕಿದೆ. ಶಿಫ್ಟಿಗೆ ಹೋಗುವ ಮುಂಚೆ ಬರುತ್ತಿದ್ದಳು. ಪೇಷಂಟುಗಳನ್ನು ನೋಡಲು ಗುಬ್ಬಿಗೆ ನಾನು ವಾರಕ್ಕೆರಡು ದಿನ ಹೋಗುತ್ತೇನೆ, ಆಗ ಅಲ್ಲೇ ಸಿಗುತ್ತಿದ್ದಳು. ಮೊದಲ ವಾರ ಪರವಾಗಿಲ್ಲ ಅಂದಳು. ನನಗೂ ಸಮಾಧಾನವಾಯಿತು.

ಎರಡನೇ ವಾರ ಆ ಸಮಾಧಾನ ಉಳಿಯಲಿಲ್ಲ.

ತೊಡೆಯ ಸ್ನಾಯು ಗಟ್ಟಿಯಾಗುತ್ತಾ ಬಂದರೆ ನೋವು ಇಳಿಯಬೇಕು. ಇವಳಿಗೆ ಏರುತ್ತಿತ್ತು. ನಿಂತು ಕೆಲಸ ಮಾಡಿ ಬಂದ ದಿನ ಹೆಚ್ಚು. ಮಲಗಿದಾಗಲೂ ಒಂಥರಾ ಕೊರೆಯುತ್ತೆ ಅಂದಳು. ಇನ್ನೊಂದು ವಿಷಯ ನನ್ನನ್ನು ಕಾಡುತ್ತಿತ್ತು. ಮೆತ್ತೆ ಹರಿದವರನ್ನು ಎಲ್ಲಿ ನೋವು ಅಂತ ಕೇಳಿದರೆ ಒಂದೇ ಬೆರಳು ಇಟ್ಟು ಇಲ್ಲಿ ಅಂತ ತೋರಿಸುತ್ತಾರೆ. ಇವಳು ಬೆರಳು ಇಡುತ್ತಿರಲಿಲ್ಲ. ಅಂಗೈಯಿಂದ ತೊಡೆಯ ಮುಂಭಾಗ ಸವರುತ್ತಾ ಮಂಡಿಯ ಮೇಲೆ ತಂದು ನಿಲ್ಲಿಸುತ್ತಿದ್ದಳು. ಮಂಡಿಯ ಸುತ್ತ ಎಷ್ಟು ಒತ್ತಿದರೂ, ಹೌದು ಇದೇ ನೋವು ಅಂತ ಅವಳು ಒಮ್ಮೆಯೂ ಹೇಳಲಿಲ್ಲ.

“ಇಲ್ಲೇನಾ?”

“ಅಲ್ಲ ಅಕ್ಕ. ಒಳಗೆ.”

“ಒಳಗೆ ಅಂದ್ರೆ ಎಲ್ಲಿ?”

“ಗೊತ್ತಾಗಲ್ಲ. ಮಂಡೀಲೇ. ನೀವು ಟೇಪ್ ಇನ್ನೊಂಚೂರು ಬಿಗಿಯಾಗಿ ಹಾಕಿ.”

ಬಿಗಿಯಾಗಿ ಹಾಕಿ ಕಳಿಸಿದೆ. ಕಳಿಸಿದ ಮೇಲೂ ಅವಳು ಮೆಟ್ಟಿಲಿಳಿಯುವ ಸದ್ದನ್ನು ಕೇಳುತ್ತಾ ನಿಂತಿದ್ದೆ. ಬಲಗಾಲನ್ನು ಊರುತ್ತಲೇ ಗಡಿಬಿಡಿಯಲ್ಲಿ ಎತ್ತಿಕೊಳ್ಳುತ್ತಿದ್ದಳು. ಬಗ್ಗಿ ನೋಡಿದರೆ ಬಲಗಾಲು ಊರಿದಾಗೆಲ್ಲ ಮೈಯನ್ನೇ ಬಲಕ್ಕೆ ವಾಲಿಸುತ್ತಿದ್ದಳು. ಮಂಡಿ ನೋಯುವವರೂ ಕುಂಟುತ್ತಾರೆ, ಆದರೆ ಹೀಗೆ ವಾಲುವುದು ಕಡಿಮೆ. ಮುಂದಿನ ಪೇಷಂಟ್ ಬಂದರು, ಯೋಚನೆ ಅಲ್ಲಿಗೆ ನಿಂತಿತು.

ವಾರಕ್ಕೊಂದು ದಿನ ಕುಣಿಗಲ್‌ನ ಒಂದು ನರ್ಸಿಂಗ್ ಹೋಮ್‌ಗೆ ಹೋಗುತ್ತೇನೆ. ಆ ವಾರ ಅಲ್ಲಿ ಒಬ್ಬ ಅಜ್ಜಿಯನ್ನು ವಾಕರ್ ಹಿಡಿಸಿ ನಡೆಸಬೇಕಿತ್ತು. ಬಚ್ಚಲಲ್ಲಿ ಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದು ಆಪರೇಷನ್ ಆಗಿತ್ತು. ಮಾತಿನ ಮಲ್ಲಿ. ಎರಡು ಹೆಜ್ಜೆ ಇಟ್ಟರೆ ನಿಂತು ಹತ್ತು ಮಾತಾಡುವವರು.

“ಬಿದ್ದಾಗ್ಲೇ ಶುರುವಾಗಿದ್ದು ಅನ್ಕೊಂಡಿದೀರ ನೀವೆಲ್ಲ. ಅದ್ಕೂ ಮುಂಚಿಂದ ನಂಗೆ ಮಂಡಿ ನೋಯ್ತಿತ್ತು ಕಣವ್ವ. ಸೊಸೆ ಎಣ್ಣೆ ತಿಕ್ಕಿದ್ಲು, ಮಗ ಮುಲಾಮು ತಂದ. ಮಂಡಿ ನುಣ್ಣಗಾಯ್ತು, ಮುರಿದಿದ್ದು ಇಲ್ಲಿ!” ಅಂತ ಸೊಂಟದ ಪಕ್ಕ ತಟ್ಟಿಕೊಂಡು ನಕ್ಕರು.

ನಾನೂ ನಕ್ಕೆ. ಇನ್ನೊಂದು ಹೆಜ್ಜೆ ಇಡಿ ಅಜ್ಜಿ ಅನ್ನಬೇಕಿದ್ದವಳು ಸುಮ್ಮನೆ ನಿಂತುಬಿಟ್ಟೆ.

ಸೊಂಟದ ಕೀಲಿಗೂ ಮಂಡಿಯ ಮುಂಭಾಗಕ್ಕೂ ಹೋಗುವ ನರಗಳು ಒಂದೇ ಬೇರಿನವು. ಮೇಲೆ ಕೆಟ್ಟರೆ ಕೆಳಗೆ ನೋಯಬಹುದು. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅದನ್ನು ವಯಸ್ಸಾದವರ ಜೊತೆ, ಚಿಕ್ಕ ಮಕ್ಕಳ ಜೊತೆ ಸೇರಿಸಿ ಇಟ್ಟಿದ್ದೆ. ಈ ವಯಸ್ಸಿನ, ದಿನಾ ಓಡುವ, ಹಳೇ ಪೆಟ್ಟಿನ ಮಂಡಿ ಇರುವ ಹುಡುಗಿಯಲ್ಲಿ ಅದನ್ನು ಹುಡುಕಿರಲಿಲ್ಲ. ಓಟ ಒಮ್ಮೆಲೇ ಹೆಚ್ಚಾದಾಗ ತೊಡೆಮೂಳೆಯ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುವುದುಂಟು. ಸೊಂಟದ ಗುಂಡಿಯೊಳಗೆ ಕೂತ ಮೂಳೆಯ ತಲೆಗೂ ತೊಡೆಯ ಉದ್ದ ಮೂಳೆಗೂ ನಡುವಿನ ಸಣ್ಣ ಭಾಗವೇ ಆ ಕುತ್ತಿಗೆ. ಬಿರುಕಿನ ಮೇಲೇ ಓಡುತ್ತಾ ಹೋದರೆ ಒಂದು ದಿನ ಮೂಳೆ ಪೂರ್ತಿ ಮುರಿದು ಜಾರುತ್ತದೆ. ಮೂಳೆಯ ತಲೆಗೆ ಹೋಗುವ ರಕ್ತನಾಳ ಹರಿಯುತ್ತದೆ. ಆಮೇಲೆ ಆ ಕೀಲು ಮೊದಲಿನಂತಾಗುವುದಿಲ್ಲ.

ಅಂದು ಕುಣಿಗಲ್‌ನಿಂದ ತುಮಕೂರಿನವರೆಗೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಅಂಗೈ ಸವರಿದ ರೀತಿ, ಮೈ ವಾಲಿದ ರೀತಿ, ಮಲಗಿದಾಗಿನ ಕೊರೆತ, ಒಂದೊಂದೂ ಈಗ ಬೇರೆಯೇ ಹೇಳುತ್ತಿತ್ತು. ಫೋನ್ ಮಾಡಿದೆ, ಸ್ವಿಚ್ ಆಫ್. ಶಿಫ್ಟಿನಲ್ಲಿ ಫೋನು ಲಾಕರ್‌ನಲ್ಲಿರುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಮಾಡಿದೆ. ನಿಲ್ದಾಣ ಬಂದಾಗಲೆಲ್ಲ ಮತ್ತೆ ಮಾಡಿದೆ. ಅವಳು ಓಡುತ್ತಿಲ್ಲವಲ್ಲ, ಸೈಕಲ್ ಮಾತ್ರ ತುಳಿಯುತ್ತಿದ್ದಾಳಲ್ಲ ಅಂತ ಸಮಾಧಾನ ಹೇಳಿಕೊಂಡೆ.

ಸಂಜೆ ಅವಳೇ ಬಂದಳು. ಮೆಷಿನ್ ಯಾವುದೂ ಹಚ್ಚಲಿಲ್ಲ. ಅಂಗಾತ ಮಲಗಿಸಿದೆ. ಮಂಡಿಯನ್ನು ಮುಟ್ಟದೆ, ಹಿಮ್ಮಡಿ ಹಿಡಿದು ಇಡೀ ಕಾಲನ್ನು ಲಟ್ಟಣಿಗೆ ಉರುಳಿಸಿದ ಹಾಗೆ ಒಳಕ್ಕೆ ಹೊರಕ್ಕೆ ಮೆಲ್ಲಗೆ ಉರುಳಿಸಿದೆ. ಅವಳ ತುಟಿ ಬಿಗಿಯಿತು. ಆಮೇಲೆ ಮಂಡಿ, ಸೊಂಟ ಎರಡನ್ನೂ ಮಡಚಿ, ಮಂಡಿ ಅಲ್ಲಾಡದಂತೆ ನನ್ನ ಎದೆಗೆ ಒತ್ತಿ ಹಿಡಿದುಕೊಂಡು, ಪಾದವನ್ನು ಹೊರಕ್ಕೆ ತಂದೆ. ಹೀಗೆ ಮಾಡಿದಾಗ ತಿರುಗುವುದು ಸೊಂಟದ ಕೀಲು ಮಾತ್ರ.

“ಅಮ್ಮಾ!” ಅಂತ ಮಂಚದ ಅಂಚು ಹಿಡಿದುಕೊಂಡಳು. “ಅದೇ ಅಕ್ಕ! ಅದೇ ನೋವು! ಮಂಡೀಲಿ!”

ಮಂಡಿ ನನ್ನ ಕೈಯಲ್ಲಿ ಅಲುಗಾಡದೆ ಇತ್ತು.

ಒಂಟಿಕಾಲಲ್ಲಿ ಕುಪ್ಪಳಿಸಿ ನೋಡುವ ಪರೀಕ್ಷೆಯೊಂದಿದೆ. ನನ್ನ ಅನುಮಾನ ನಿಜವಾಗಿದ್ದರೆ ಆ ಒಂದು ಕುಪ್ಪಳಿಕೆಯಲ್ಲೇ ಮೂಳೆ ಜಾರಬಹುದು. ಮಾಡಿಸಲಿಲ್ಲ. ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು, ಮೊದಲ ದಿನವೇ ಕೇಳಬೇಕಿದ್ದನ್ನು ಕೇಳಿದೆ.

“ಮುಟ್ಟು ಸರಿಯಾಗಿ ಆಗ್ತಿದೆಯೇನಮ್ಮ?”

“ಅದ್ಯಾಕೆ ಈಗ?”

“ಹೇಳು.”

ಗೋಡೆ ಕಡೆ ತಿರುಗಿದಳು. “ನಿಂತೋಗಿದೆ. ಸುಮಾರು ತಿಂಗ್ಳಾಯ್ತು. ಓಡೋಕೆ ಒಳ್ಳೇದೇ ಆಯ್ತು ಅನ್ಕೊಂಡೆ.”

“ಊಟ?”

“ಮಧ್ಯಾಹ್ನ ಮಾಡ್ತೀನಿ. ರಾತ್ರಿದು ಬಿಟ್ಟಿದೀನಿ. ಮೈ ಹಗುರ ಇದ್ರೆ ಟೈಮಿಂಗ್ ಕಮ್ಮಿ ಬರುತ್ತೆ.”

ಓಟ ಏರಿದೆ, ಊಟ ಇಳಿದಿದೆ, ಮುಟ್ಟು ನಿಂತಿದೆ. ಮೂಳೆ ಸೊರಗುವುದಕ್ಕೆ ಇನ್ನೇನು ಬೇಕು. ಆದಷ್ಟು ಮೆತ್ತಗೆ ಹೇಳಿದೆ. ನೋವಿನ ಮೂಲ ಮಂಡಿಯಲ್ಲ, ಸೊಂಟದ ಕೀಲಿರಬಹುದು, ಬಿರುಕಿರಬಹುದು, ನಾಳೆಯೇ ಡಾಕ್ಟರ ಹತ್ತಿರ ಹೋಗೋಣ, ಅಲ್ಲಿಯವರೆಗೆ ಕಾಲಿನ ಮೇಲೆ ಭಾರ ಹಾಕಬೇಡ.

ಎದ್ದು ಕೂತಳು. “ಇಷ್ಟು ದಿನ ಮಂಡಿ ಅಂದ್ರಿ. ಈಗ ಸೊಂಟ ಅಂತೀರಾ. ನಾಳೆ ಇನ್ನೇನಂತೀರಾ?”

“ತಪ್ಪಿರಬಹುದು. ಸ್ಕ್ಯಾನ್ ತೆಗೆಸಿದ್ರೆ ಗೊತ್ತಾಗುತ್ತೆ.”

“ನಾಳೆ ಟ್ರಯಲ್ ಇದೆ ಅಕ್ಕ. ಕೋಚ್ ಸಾರ್ ಟೈಮ್ ಹಿಡೀತಾರೆ.”

“ಟ್ರಯಲ್ಲಾ? ಓಟ ನಿಲ್ಸಿದೀನಿ ಅಂದಿದ್ಯಲ್ಲ?”

ಟೇಪ್ ಹಾಕಿಕೊಡಿ ಅಂತ ಕಾಲು ಮುಂದೆ ಚಾಚಿದಳು. ಹಾಕುವುದಿಲ್ಲ ಅಂದೆ. ಒಂದು ಕ್ಷಣ ನನ್ನನ್ನೇ ನೋಡಿದಳು. ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಮೆಟ್ಟಿಲಿನ ಕೆಳಗಿನವರೆಗೂ ಹೋಗಿ ಕೂಗಿದೆ. ಆಟೋ ಹತ್ತಿದವಳು ತಿರುಗಿ ನೋಡಲಿಲ್ಲ.

ಮೂಳೆ ಡಾಕ್ಟರಿಗೆ ಫೋನ್ ಮಾಡಿದೆ. ದೊಡ್ಡವರು, ಮಾತು ಕಡಿಮೆ, ಯಾವಾಗಲೂ ಅವಸರ.

“ನೋಡಮ್ಮ, ಎಂಆರ್‌ಐ ಇದೆ. ಲಿಗಮೆಂಟ್ ಹೋಗಿದೆ. ಇನ್ನೇನು ಬೇಕು?”

ಸೊಂಟ ತಿರುಗಿಸಿದಾಗ ಆದದ್ದನ್ನು ಹೇಳಿದೆ.

“ಮುಟ್ಟು?”

“ನಿಂತಿದೆ ಸಾರ್.”

“ನಾಳೆ ಕರ್ಕೊಂಡ್ ಬಾ. ನಡೆಸ್ಬೇಡ. ವೀಲ್‌ಚೇರ್‌ನಲ್ಲೇ ಒಳಗೆ ತರಿಸು.”

ಕರೆದುಕೊಂಡು ಬಾ ಅಂದರು. ಅವಳು ಬರಬೇಕಲ್ಲ. ಅವಳ ಫೋನು ಈಗ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತು ತಟ್ಟೆ ಮುಂದಿಟ್ಟುಕೊಂಡೇ ಮತ್ತೆ ಮಾಡುತ್ತಿದ್ದೆ. ನನ್ನ ತಾಯಿ, ಅಮ್ಮಿ, ಕೈಯಿಂದ ಫೋನ್ ಕಿತ್ತು ಪಕ್ಕಕ್ಕಿಟ್ಟರು. “ಯಾರ ಮಗಳೋ, ನೀನ್ಯಾಕೆ ಹಿಂಗೆ ಒದ್ದಾಡ್ತೀಯ?” ಅಂದರು. ಆಮೇಲೆ ಅವರೇ, “ಬೆಳಗ್ಗೆ ಹೋಗಿ ನೋಡ್ಕೊಂಡ್ ಬಂದ್ಬಿಡು. ಇಲ್ಲಿ ಕೂತ್ರೆ ನನ್ನೂ ನಿದ್ದೆ ಮಾಡಕ್ಕೆ ಬಿಡಲ್ಲ ನೀನು” ಅಂದರು.

ಅದುವರೆಗೆ ನಾನು ಯಾವ ಪೇಷಂಟನ್ನೂ ಹುಡುಕಿಕೊಂಡು ಹೋದವಳಲ್ಲ. ನಾವು ಹೇಳಬೇಕು, ಕೇಳುವುದು ಬಿಡುವುದು ಅವರ ಇಷ್ಟ. ಅದು ಸರಿಯಾದ ಪದ್ಧತಿಯೇ. ಆದರೂ ಬೆಳಗಿನ ಜಾವದ ಫಜ್ರ್ ಆಜಾನ್ ಮುಗಿಯುವ ಹೊತ್ತಿಗೆ ಸ್ಕೂಟರ್ ಹೊರಗೆ ತೆಗೆದಿದ್ದೆ. ಹೈವೇಯಲ್ಲಿ ಮಂಜು. ಲಾರಿಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಅವಳು ಓಡಿಬಿಟ್ಟಿರುತ್ತಾಳೆ ಅನ್ನಿಸುತ್ತಿತ್ತು.

ಗುಬ್ಬಿಯ ಮೈದಾನದಲ್ಲಿ ಹುಡುಗಿಯರು ಸುಣ್ಣದ ಗೆರೆಯ ಮೇಲೆ ನಿಂತಿದ್ದರು. ಕೋಚ್ ಕೈಯಲ್ಲಿ ಸ್ಟಾಪ್‌ವಾಚ್. ಅವಳು ಕೊನೆಯ ಲೈನಿನಲ್ಲಿದ್ದಳು. ಮಂಡಿಗೆ ತಾನೇ ಯಾವುದೋ ಬಟ್ಟೆ ಪಟ್ಟಿ ಬಿಗಿದುಕೊಂಡಿದ್ದಳು. ಸ್ಕೂಟರ್ ಸ್ಟ್ಯಾಂಡ್ ಹಾಕದೆ ಹಾಗೇ ಬೀಳಿಸಿ ಓಡಿದೆ.

“ಸಾರ್, ಒಂದ್ ನಿಮಿಷ! ಶುರು ಮಾಡ್ಬೇಡಿ!”

ಕೋಚ್ ತಿರುಗಿದರು. ನಾನು ಯಾರೆಂದು ಹೇಳಿದೆ, ವಿಷಯ ಹೇಳಿದೆ. ನೆಟ್ಟಗೆ ನಿಂತ, ನರೆತ ಮೀಸೆಯ ಮನುಷ್ಯ. ಸಿಡುಕಲಿಲ್ಲ, ಆದರೆ ಒಪ್ಪಲೂ ಇಲ್ಲ.

“ಮೇಡಂ, ನೋವಿಲ್ದೆ ಯಾರು ಯೂನಿಫಾರಂ ಹಾಕ್ಕೊಂಡಿದಾರೆ? ಈ ಹುಡುಗಿ ಬ್ಯಾಚ್‌ಗೇ ಫಸ್ಟ್ ಇದಾಳೆ. ಈಗ ನಿಲ್ಸಿದ್ರೆ ಮನಸ್ಸು ಮುರಿಯುತ್ತೆ.”

“ನಾನು ಹೇಳ್ತಿರೋದು ತಪ್ಪಾದ್ರೆ ಇವಳ್ದು ಒಂದಿನದ ಓಟ ಹೋಗುತ್ತೆ ಸಾರ್. ಸರಿಯಾದ್ರೆ ಕಾಲೇ ಹೋಗುತ್ತೆ. ಒಂದಿನ ಕೊಡಿ.”

ಅವಳು ಗೆರೆ ಬಿಟ್ಟು ಬಂದಳು. ಕಣ್ಣು ಕೆಂಪಾಗಿದ್ದವು. “ಸಾರ್, ಅವರ ಮಾತು ಕೇಳ್ಬೇಡಿ. ನಂಗೇನೂ ನೋವಿಲ್ಲ. ನೋಡಿ, ಆರಾಮಾಗಿದೀನಿ.” ನೆಲಕ್ಕೆ ಬಲಗಾಲು ಬಡಿದು ತೋರಿಸಲು ಹೋದಳು. ನಾನು ತೋಳು ಹಿಡಿದು ಎಳೆದುಕೊಂಡೆ.

ಪಕ್ಕದ ಲೈನಿನ ಹುಡುಗಿ ತಡೆಯಲಾರದೆ ಬಾಯಿಬಿಟ್ಟಳು. “ನೋವಿಲ್ದೆ ಏನು ಸಾರ್, ದಿನಾ ಓಡೋ ಮುಂಚೆ ಮಾತ್ರೆ ನುಂಗ್ತಾಳೆ. ಇವತ್ತು ಎರಡು ನುಂಗವ್ಳೆ.”

“ಲೇ, ಸುಮ್ನಿರೇ!”

ಕೋಚ್ ಅವಳ ಮುಖವನ್ನೇ ನೋಡಿದರು. “ಹೌದೇನಮ್ಮ?” ಅವಳು ನನ್ನ ಕೈಯಿಂದ ತೋಳು ಬಿಡಿಸಿಕೊಂಡಳು. “ನಂಗೂ ಹೇಳ್ಲಿಲ್ಲ ನೀನು.” ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡರು. “ನನ್ ಕಾರಲ್ಲಿ ಹೋಗೋಣ ನಡೀರಿ. ನಡೀರಿ ಅಲ್ಲ, ಕಾರು ಇಲ್ಲಿಗೇ ತರ್ತೀನಿ.”

ತುಮಕೂರಿನವರೆಗೂ ಅವಳು ನನ್ನ ಪಕ್ಕ ಕೂತು ಕಿಟಕಿಯ ಆಚೆಗೆ ನೋಡುತ್ತಾ ಅತ್ತಳು. ಹೆಗಲ ಮೇಲೆ ಕೈ ಇಟ್ಟರೆ ತಳ್ಳಿದಳು.

ಮೊದಲು ಸೊಂಟದ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನೂ ಕಾಣಲಿಲ್ಲ. “ನೋಡಿದ್ರಾ?” ಅಂತ ಅವಳು ನನ್ನ ಕಡೆ ತಿರುಗಿದಳು. ಒಂದು ವೇಳೆ ಮಂಡಿಯೇ ಆಗಿದ್ದರೆ? ಟ್ರಯಲ್ ಕೆಡಿಸಿದ್ದೆ, ಅವಳ ಗುಟ್ಟನ್ನು ಮೈದಾನದಲ್ಲಿ ಎಲ್ಲರ ಮುಂದೆ ಬಯಲು ಮಾಡಿಸಿದ್ದೆ. ಕೋಚ್ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು.

ಡಾಕ್ಟರು ಫಿಲಂ ಕೆಳಗಿಟ್ಟು ಬಂದು ಅವಳ ಕಾಲನ್ನು ತಾವೇ ತಿರುಗಿಸಿದರು. ಅವಳು ಹಲ್ಲು ಕಚ್ಚಿದಳು. ಮಾತ್ರೆಯ ಬಲ ಇದ್ದಾಗಲೂ ಅಷ್ಟು ನೋವು. ಎಡಗಾಲು ತಿರುಗಿಸಿದರು, ಮತ್ತೆ ಬಲಗಾಲಿಗೆ ಬಂದರು.

“ಶುರುವಲ್ಲಿ ಎಕ್ಸ್‌ರೇಲಿ ಕಾಣಲ್ಲ. ಸೊಂಟದ್ದು ಎಂಆರ್‌ಐ ಮಾಡಿಸಿ, ಈಗ್ಲೇ” ಅಂತ ಬರೆದುಕೊಟ್ಟರು.

ಆ ಮಧ್ಯಾಹ್ನ ಸ್ಕ್ಯಾನಿಂಗ್ ಸೆಂಟರಿನ ವರಾಂಡದಲ್ಲಿ ನಾನು ಎಷ್ಟು ಸಲ ಅತ್ತಿಂದಿತ್ತ ಓಡಾಡಿದೆನೋ. ಕ್ಲಿನಿಕ್ಕಿನಿಂದ ಫೋನು ಬರುತ್ತಲೇ ಇತ್ತು, ಎಲ್ಲರಿಗೂ ನಾಳೆ ಬನ್ನಿ ಅಂದೆ.

ಬಿರುಕು ಇತ್ತು. ಮೂಳೆಯ ಕುತ್ತಿಗೆಯ ಮೇಲ್ಭಾಗದಲ್ಲಿ, ಸುತ್ತ ನೀರು ತುಂಬಿದ ಬಿಳಿ ಮೋಡ, ನಡುವೆ ಕಪ್ಪು ಗೆರೆ. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು.

“ಕೆಳಗಡೆ ಇದ್ದಿದ್ರೆ ಕಾಲು ಊರದಂಗೆ ಇಟ್ಟು ಕಾಯ್ಬಹುದಿತ್ತು. ಇದು ಮೇಲ್ಗಡೆ. ಹೆಜ್ಜೆ ಇಟ್ಟಾಗೆಲ್ಲ ಎಳೆತಕ್ಕೆ ಬಾಯಿ ಬಿಡ್ತಾ ಹೋಗುತ್ತೆ. ಕಾಯೋ ಹಂಗಿಲ್ಲ. ಸ್ಕ್ರೂ ಹಾಕ್ಬೇಕು.” ಆಮೇಲೆ ಕೋಚ್ ಕಡೆ ತಿರುಗಿದರು. “ಇವತ್ತು ಓಡಿದ್ರೆ ಅಲ್ಲೇ ಬೀಳ್ತಿದ್ಳೋ ಏನೋ.”

ಮಂಡಿಯ ಎಂಆರ್‌ಐ ಸುಳ್ಳು ಹೇಳಿರಲಿಲ್ಲ. ಲಿಗಮೆಂಟು ಅಲ್ಲಿ ನಿಜವಾಗಿಯೂ ಹರಿದಿತ್ತು. ನಾವು ಮಂಡಿಯ ಬಗ್ಗೆ ಕೇಳಿದ್ದೆವು, ಅದು ಮಂಡಿಯ ಬಗ್ಗೆ ಹೇಳಿತ್ತು, ಅಷ್ಟೇ.

ಹಾಗಲವಾಡಿಯಿಂದ ಅವಳ ಅಮ್ಮ ಬಂದಾಗ ಸಂಜೆಯಾಗಿತ್ತು. ಹೊಲದಿಂದ ನೇರವಾಗಿ ಬಸ್ ಹತ್ತಿದ್ದರು, ಸೆರಗಿನಲ್ಲಿ ಹುಲ್ಲಿನ ಎಳೆ ಅಂಟಿತ್ತು. ಆಪರೇಷನ್ ಅಂದ ಕೂಡಲೇ ನನ್ನ ಮೇಲೇ ಏರಿಬಂದರು.

“ಮಂಡಿ ನೋವು ಅಂತ ಬಂದೋಳ್ಗೆ ಸೊಂಟಕ್ಕೆ ಆಪ್ರೇಸನ್ನಾ? ಏನ್ ತಾಯಿ ಇದು? ಮದ್ವೆ ಆಗ್ಬೇಕಾದ ಮಗ ಅದು. ಸೊಂಟಕ್ಕೆ ಮೊಳೆ ಹೊಡೀತಾರಂತೆ ಅಂದ್ರೆ ನಾಳೆ ಯಾರು ಮಾತಾಡಿಸ್ತಾರೆ?”

ನನ್ನದೇ ಮೈಮೇಲೆ ತೋರಿಸುತ್ತಾ ವಿವರಿಸಿದೆ. ನೋವು ಹುಟ್ಟುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಈಗ ಹಾಕಿಸಿದರೆ ಮೂಳೆ ಅದರ ಜಾಗದಲ್ಲೇ ಕೂಡುತ್ತೆ, ಮದುವೆಗೂ ಹೆರಿಗೆಗೂ ತೊಂದರೆಯಿಲ್ಲ. ಬಿಟ್ಟರೆ ಕೀಲೇ ಬದಲಿಸಬೇಕಾಗಬಹುದು, ಈ ವಯಸ್ಸಿಗೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕೊನೆಗೆ ಮಗಳನ್ನೇ ಕೇಳಿದರು.

“ನೀನ್ ಏನಂತೀಯವ್ವ?”

ಅವಳು ಬೆಳಗ್ಗೆಯಿಂದ ಮೊದಲ ಸಲ ಪೂರ್ತಿ ಮಾತಾಡಿದಳು. “ಹಾಕಿಸ್ಬುಡವ್ವ. ಸ್ಕ್ಯಾನ್‌ನಲ್ಲಿ ನಾನೇ ನೋಡ್ದೆ.”

ಮಾರನೇ ದಿನ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು.

ದೈಹಿಕ ಪರೀಕ್ಷೆಯ ದಿನ ಅವಳು ಗುಬ್ಬಿಯಲ್ಲಿ ಚಿಕ್ಕಮ್ಮನ ಮನೆಯ ಮಂಚದ ಮೇಲಿದ್ದಳು. ನನ್ನ ಗುಬ್ಬಿಯ ದಿನವಲ್ಲದಿದ್ದರೂ ಹೋದೆ. ಹೋಗಿ ಏನು ಮಾತಾಡುವುದು ಅಂತ ದಾರಿಯುದ್ದಕ್ಕೂ ತಿಳಿಯಲಿಲ್ಲ. ಹಿಮ್ಮಡಿ ಜಾರಿಸುವ ವ್ಯಾಯಾಮ, ತೊಡೆ ಬಿಗಿ ಹಿಡಿಯುವ ವ್ಯಾಯಾಮ, ಎಲ್ಲವನ್ನೂ ಹೇಳಿದಷ್ಟು ಮಾಡಿದಳು. ಬ್ಯಾಚಿನ ಹುಡುಗಿಯರ ಮೆಸೇಜುಗಳು ಫೋನಿನಲ್ಲಿ ಟಿಂಗ್ ಟಿಂಗ್ ಅಂತ ಬರುತ್ತಿದ್ದವು. ನೋಡಲಿಲ್ಲ.

“ನೀವು ಬರ್ದೇ ಇದ್ದಿದ್ರೆ ಇವತ್ತು ಓಡಿರ್ತಿದ್ದೆ” ಅಂದಳು.

“ಟ್ರಯಲ್ ದಿನವೇ ಬಿದ್ದಿರ್ತಿದ್ದೆ.”

“ಗೊತ್ತು ಅಕ್ಕ. ಗೊತ್ತಿದ್ರೂ ಹಂಗೇ ಅನ್ಸುತ್ತೆ. ಅನ್ನಬಾರ್ದಾ?”

ಅನ್ನು ಅಂದೆ.

ಮುಂದಿನ ತಿಂಗಳುಗಳು ಅವಳಿಗಿಂತ ನನಗೇ ಹೆಚ್ಚು ಆತಂಕದವು ಅನ್ನಿಸುತ್ತೆ. ಎರಡೂ ಕಂಕುಳಿಗೆ ಊರುಗೋಲು, ಬಲಗಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ. ಆಮೇಲೆ ತೂಕದ ಮಷಿನ್ ಮೇಲೆ ಪಾದ ಇಟ್ಟು, ಎಷ್ಟು ಭಾರ ಹಾಕಬಹುದೋ ಅಷ್ಟೇ ಒತ್ತುವ ಅಭ್ಯಾಸ. ಆಮೇಲೆ ಒಂದು ಊರುಗೋಲು. ಹೊಸ ಎಕ್ಸ್‌ರೇ ಬಂದಾಗಲೆಲ್ಲ ಡಾಕ್ಟರಿಗಿಂತ ಮುಂಚೆ ನಾನು ಕಿತ್ತುಕೊಂಡು ನೋಡುತ್ತಿದ್ದೆ. ಸ್ತ್ರೀರೋಗ ತಜ್ಞೆಯೊಬ್ಬರ ಹತ್ತಿರ ಕಳಿಸಿದೆ. ರಕ್ತದಲ್ಲಿ ವಿಟಮಿನ್ ಡಿ ತಳಕಂಡಿತ್ತು. ಅವಳ ಅಮ್ಮ ಊರಿನಿಂದ ರಾಗಿ, ಹುರುಳಿಕಾಳು, ಮೊಟ್ಟೆ ಕಳಿಸುತ್ತಲೇ ಇದ್ದರು. ಒಂದು ದಿನ ಬಾಗಿಲು ಹಾಕಿ, ಮುಟ್ಟಾಯ್ತು ಅಕ್ಕ ಅಂತ ಪಿಸುಗುಟ್ಟಿದಳು. ಲಿಖಿತ ಪರೀಕ್ಷೆ ಪಾಸಾದ ದಿನ ಅವಳ ಮುಖ ಹೀಗೇ ಇದ್ದಿರಬೇಕು.

ಫ್ಯಾಕ್ಟರಿಯವರು ಕೂತು ಮಾಡುವ ಕೆಲಸಕ್ಕೆ ಹಾಕಿದರು. ಮುಂದಿನ ನೇಮಕಾತಿ ಯಾವಾಗ ಕರೆಯುತ್ತಾರೋ, ಅಷ್ಟರಲ್ಲಿ ವಯಸ್ಸಿನ ಮಿತಿ ದಾಟುತ್ತದೋ, ಸ್ಕ್ರೂ ಇರುವ ಕಾಲನ್ನು ಮೆಡಿಕಲ್‌ನಲ್ಲಿ ಒಪ್ಪುತ್ತಾರೋ, ಯಾವುದೂ ಗೊತ್ತಿಲ್ಲ. ಇದನ್ನು ಬರೆಯುತ್ತಿರುವಾಗಲೂ ಗೊತ್ತಿಲ್ಲ. ಅವಳು ಓದುವುದು ಬಿಟ್ಟಿಲ್ಲ.

ಮೂಳೆ ಪೂರ್ತಿ ಕೂಡಿದೆ, ಇನ್ನು ಮೆಲ್ಲಗೆ ಓಡಿಸಬಹುದು ಅಂತ ಡಾಕ್ಟರು ಹೇಳಿದ ವಾರ ಗುಬ್ಬಿಯ ಮೈದಾನಕ್ಕೆ ಹೋದೆವು. ಕೋಚ್ ಬೇರೆ ಬ್ಯಾಚಿನವರನ್ನು ಆಚೆ ಕಳಿಸಿ ಒಳಗಿನ ಲೈನು ಖಾಲಿ ಮಾಡಿಕೊಟ್ಟರು. ಸ್ವಲ್ಪ ನಡಿ, ಸ್ವಲ್ಪ ಓಡು, ಮತ್ತೆ ನಡಿ, ಒಂದೇ ರೌಂಡು ಅಂದಿದ್ದೆ. ಅವಳು ಹೊರಟಳು. ಮೊದಲ ತಿರುವಿನವರೆಗೆ ಮೈ ಬಿಗಿಹಿಡಿದಿದ್ದಳು. ಆಮೇಲೆ ಸಡಿಲವಾಯಿತು, ಹೆಜ್ಜೆ ಎರಡೂ ಸಮವಾಗಿ ಬೀಳತೊಡಗಿದವು. ರೌಂಡು ಮುಗಿಯಿತು. ನಿಲ್ಲಲಿಲ್ಲ. ನಮ್ಮನ್ನು ದಾಟಿಕೊಂಡು ಎರಡನೇ ರೌಂಡಿಗೆ ಹೋದಳು.

“ನಿಲ್ಲೇ!” ಅಂತ ಕೂಗಿದೆ. ಕೇಳಿಸಿತೋ ಇಲ್ಲವೋ. ಅಡ್ಡ ಹೋಗಿ ತಡೆಯಲೇ ಅಂತ ಮೈದಾನದ ಒಳಗೆ ನಾಲ್ಕು ಹೆಜ್ಜೆ ಇಟ್ಟೆ, ಹಿಂದೆ ಬಂದೆ, ಮತ್ತೆ ಇಟ್ಟೆ. ಕೋಚ್ ಸಿಳ್ಳೆಯನ್ನು ತುಟಿಗಿಟ್ಟುಕೊಂಡು ನನ್ನ ಮುಖ ನೋಡಿದರು.

ಎದುರಿನ ತಿರುವಿನಲ್ಲಿ ಅವಳೇ ನಿಧಾನವಾದಳು. ನಿಂತಳು. ಸೊಂಟದ ಮೇಲೆ ಕೈಯಿಟ್ಟು ಒಂದೆರಡು ಉಸಿರು ತೆಗೆದುಕೊಂಡು, ಮೈದಾನಕ್ಕೆ ಅಡ್ಡವಾಗಿ ನಡೆದು ಬಂದಳು. ನಾನು ಅರ್ಧದಾರಿಗೇ ಓಡಿ ಹೋಗಿದ್ದೆ.

“ಯಾಕೆ? ನೋವಾ? ಎಲ್ಲಿ?”

“ನೋವಿಲ್ಲ ಅಕ್ಕ. ತೊಡೆ ಒಂಚೂರು ಬಿಗಿ ಅನ್ನಿಸ್ತು. ನಿಲ್ಸಿದೆ.” ಹಣೆ ಒರೆಸಿಕೊಂಡಳು. “ಇವತ್ತಿಗೆ ಇಷ್ಟು ಸಾಕು. ನಾಳೆ ಓಡ್ತೀನಿ.”

ಕೋಚ್ ಸಿಳ್ಳೆಯನ್ನು ಜೇಬಿಗೆ ಹಾಕಿಕೊಂಡರು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತೆ.